ಕಟ್ಟಿಗೆ ಸ್ಟ್ಯಾಂಡ್ ವಾಲಿದರೆ, ಕಟ್ಟಿಗೆಗೆ ಬೂಷ್ಟು ಹಿಡಿದರೆ: ಗೋವೆಯ ಮನೆಗಳಿಗೆ ದೋಷ ನಿವಾರಣೆ ಕೈಪಿಡಿ

ಗೋವೆಯಲ್ಲಿ ಬಚ್ಚಲ ಹಂಡೆಗೆ, ಕೊಂಕಣಿಯವರು ಹೇಳುವ ಭಾಣಕ್ಕೆ, ಇಂದಿಗೂ ಕಟ್ಟಿಗೆ ಉರಿಸುವ ಮನೆಗಳಿವೆ. ಫೋಂಡಾ, ಮಡಗಾಂವ್, ವಾಸ್ಕೊ ಸುತ್ತ ನೆಲೆಸಿದ ಕನ್ನಡದ ಮನೆಗಳಲ್ಲೂ ಹಿತ್ತಲ ಜಗಲಿ, ಹಲಗೆಯ ಡೆಕ್ ಅಥವಾ ಬಾಲ್ಕನಿಯಲ್ಲಿ ಉರಿಸುವ ಕಟ್ಟಿಗೆ ಒಟ್ಟಿಡಲು ಕೈಯಾರೆ ಮಾಡಿದ ಸ್ಟ್ಯಾಂಡ್ ಇರುತ್ತದೆ. ಮಾಡಿದ ವರ್ಷ ಅದು ಗಟ್ಟಿಯಾಗಿಯೇ ನಿಲ್ಲುತ್ತದೆ. ತೊಂದರೆ ಕಾಣುವುದು ಒಂದು ಮಳೆಗಾಲ ಕಳೆದ ಮೇಲೆ. ಆಗ ಹೆಚ್ಚಿನವರು ಮಾಡುವ ಮೊದಲ ಕೆಲಸ ಇನ್ನೂ ನಾಲ್ಕು ಮೊಳೆ ಹೊಡೆಯುವುದು. ಅದರಿಂದ ಮರ ಸೀಳುತ್ತದೆಯೇ ಹೊರತು ವಾಲುವುದು ನಿಲ್ಲುವುದಿಲ್ಲ. ಮೊದಲು ಲಕ್ಷಣ ನೋಡಿ, ಆಮೇಲೆ ಸುತ್ತಿಗೆ ಹಿಡಿಯಿರಿ.

ಇಲ್ಲಿನ ಲೆಕ್ಕವೆಲ್ಲ 4 ಅಡಿ ಉದ್ದ, 4 ಅಡಿ ಎತ್ತರ, 14 ಇಂಚು ಆಳದ ಸ್ಟ್ಯಾಂಡಿನದು. ತಳಕ್ಕೆ 4 ಅಡಿಯ ಎರಡು ಪಟ್ಟಿ, ನಿಲ್ಲುವ ಕಂಬ ನಾಲ್ಕು, ತುದಿಗಳನ್ನು ಮೇಲೆ ಮತ್ತು ಕೆಳಗೆ ಕಟ್ಟುವ 14 ಇಂಚಿನ ಅಡ್ಡಪಟ್ಟಿ ನಾಲ್ಕು. ಎಲ್ಲವೂ 4×2 ಇಂಚಿನ ಮರ. ಕತ್ತರಿಸುವಾಗ ಹೋಗುವುದೂ ಸೇರಿ 30 ಅಡಿ ತಂದರೆ ಸಾಕು. ಹಿಂಬದಿಯ ಓರೆಪಟ್ಟಿಗಳಿಗೆ 3×1 ಇಂಚಿನದು 12 ಅಡಿ ಬೇಕು. ನಿಮ್ಮದು ಇದಕ್ಕಿಂತ ದೊಡ್ಡದಿದ್ದರೆ ತೂಕದ ಎಚ್ಚರಿಕೆಯೂ ಅಷ್ಟೇ ಹೆಚ್ಚಬೇಕು.

ಯಾವ ತಪಾಸಣೆಗೂ ಮೊದಲು ದಪ್ಪ ಕೈಗವಸು, ಮುಚ್ಚಿದ ಬೂಟು ಹಾಕಿಕೊಳ್ಳಿ. ಟಾರ್ಚ್ ಹಿಡಿದು ಅಡಿಭಾಗ ನೋಡಿ. ಮಕ್ಕಳನ್ನು ಹತ್ತಿರ ಬಿಡಬೇಡಿ. ತುಂಬಿದ ಸ್ಟ್ಯಾಂಡಿನ ಬೋಲ್ಟನ್ನು ಎಂದೂ ಸಡಿಲಿಸಬೇಡಿ. ಒಣ ಕಟ್ಟಿಗೆ ತುಂಬಿದ್ದರೆ ಅದರಲ್ಲಿ 200 ಕೆ.ಜಿ.ಗೂ ಮಿಕ್ಕಿದ ತೂಕವಿರುತ್ತದೆ, ಹಸಿಯದಾದರೆ 300 ದಾಟುತ್ತದೆ. ಅದು ಕಾಲ ಮೇಲೆ ಬಿದ್ದರೆ ಎಲುಬು ಉಳಿಯುವುದಿಲ್ಲ.

ಸ್ಟ್ಯಾಂಡ್ ಒಂದು ಪಕ್ಕಕ್ಕೆ ವಾಲಿದೆ

ಮೊದಲು ಖರ್ಚಿಲ್ಲದ ಪರೀಕ್ಷೆ. ನೆಲದ ಮೇಲೆ ಸ್ಪಿರಿಟ್ ಲೆವೆಲ್ ಇಟ್ಟು ನೋಡಿ. ಅದು ಇಲ್ಲದಿದ್ದರೆ ಒಂದು ಚೊಂಬು ನೀರು ಸುರಿದು ಎತ್ತ ಹರಿಯುತ್ತದೆ ಗಮನಿಸಿ. ಜಗಲಿ, ಬಾಲ್ಕನಿಗಳ ನೆಲವನ್ನು ನೀರು ಹೋಗಲೆಂದೇ ಇಳಿಜಾರಾಗಿ ಮಾಡಿರುತ್ತಾರೆ. ಸ್ಟ್ಯಾಂಡ್ ಇಳಿಜಾರಿನ ಕಡೆಗೇ ವಾಲಿದ್ದರೆ ದೋಷ ನೆಲದ್ದು. ತಗ್ಗಿನ ಕಡೆಯ ಕಾಲುಗಳ ಕೆಳಗೆ ಗ್ರಾನೈಟ್ ಚೂರೋ ದಪ್ಪ ಟೈಲ್ ತುಂಡೋ ಕೊಟ್ಟು ಮಟ್ಟ ಮಾಡಿ. ಮರದ ಚಕ್ಕೆ ಕೊಡಬೇಡಿ, ಒಂದೇ ಮಳೆಗಾಲದಲ್ಲಿ ಕೊಳೆಯುತ್ತದೆ.

ನೆಲ ಮಟ್ಟವಾಗಿದ್ದೂ ವಾಲಿದ್ದರೆ ಹಿಂಬದಿಯ ಚೌಕಟ್ಟನ್ನು ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪಿನಿಂದ ಅಳೆಯಿರಿ. ಎರಡೂ ಅಳತೆ ಒಂದೇ ಇರಬೇಕು. 5–6 ಮಿ.ಮೀ. ವ್ಯತ್ಯಾಸ ನಡೆಯುತ್ತದೆ. ಒಂದು ಇಂಚು ಬಂದರೆ ಚೌಕ ಓರೆಯಾಗಿದೆ ಎಂದೇ ಅರ್ಥ. ಇದಕ್ಕೆ ಕಾರಣ ಹೆಚ್ಚಾಗಿ ಒಂದೇ: ಓರೆಪಟ್ಟಿ ಇಲ್ಲ, ಅಥವಾ ಇದ್ದದ್ದು ಕಿತ್ತುಬಂದಿದೆ. ನಾಲ್ಕು ಪಟ್ಟಿಯ ಚೌಕ ಎಷ್ಟೇ ಗಟ್ಟಿ ಮೊಳೆ ಹೊಡೆದರೂ ಮೂಲೆಗಳಲ್ಲಿ ತಿರುಗುತ್ತದೆ. ಮೂರು ಪಟ್ಟಿಯ ತ್ರಿಕೋನವಾದರೆ ಪಟ್ಟಿ ಮುರಿಯದೆ ಅಲುಗಲಾರದು. ಆದ್ದರಿಂದ ಸ್ಟ್ಯಾಂಡ್ ಖಾಲಿ ಮಾಡಿ, ಒಬ್ಬರು ಚೌಕವನ್ನು ತಳ್ಳಿ ಎರಡೂ ಅಳತೆ ಒಂದಾಗುವವರೆಗೆ ನೇರ ಮಾಡಲಿ, ಇನ್ನೊಬ್ಬರು ಹಿಂಬದಿಗೆ 3×1 ಇಂಚಿನ ಪಟ್ಟಿಯನ್ನು ಮೂಲೆಯಿಂದ ಮೂಲೆಗೆ ಕೂರಿಸಲಿ. 4 ಅಡಿಯ ಚೌಕಕ್ಕೆ ಅದರ ಉದ್ದ ಸುಮಾರು 5 ಅಡಿ 8 ಇಂಚು ಬರುತ್ತದೆ. ಇಂಥ ಎರಡನ್ನು ಗುಣಿಸು ಚಿಹ್ನೆಯ ಹಾಗೆ ಹಾಕುವುದು ಉತ್ತಮ. ಪ್ರತಿ ತುದಿಗೂ ಎರಡು ಸ್ಕ್ರೂ ಬೇಕು. ಒಂದೇ ಸ್ಕ್ರೂ ಹಾಕಿದರೆ ಅದೇ ಕೀಲಿನಂತೆ ತಿರುಗುತ್ತದೆ.

ಓರೆಪಟ್ಟಿ ಸರಿಯಾಗಿದ್ದೂ ಅಲುಗಾಡಿದರೆ ಸಂದುಗಳನ್ನು ನೋಡಿ. ಅಲುಗಾಟ ಯಾವ ತಿಂಗಳಲ್ಲಿ ಕಾಣುತ್ತದೆ ಎಂಬುದೇ ಇಲ್ಲಿ ದೊಡ್ಡ ಸುಳಿವು. ಮಳೆಗಾಲದಲ್ಲಿ ಬಿಗಿಯಾಗಿದ್ದು ಫೆಬ್ರವರಿ ಹೊತ್ತಿಗೆ ಸಡಿಲವಾದರೆ ಮರ ಒಣಗಿ ಕುಗ್ಗಿದೆ. ಪಾನಾ ತಂದು ನಟ್ ಬಿಗಿ ಮಾಡಿದರೆ ಮುಗಿಯಿತು. ಹಸಿ ಮರದಲ್ಲಿ ಮಾಡಿದ ಸ್ಟ್ಯಾಂಡಿಗೆ ಮೊದಲ ಬೇಸಿಗೆಯಲ್ಲಿ ಇದು ಬೇಕೇಬೇಕು. ವರ್ಷವಿಡೀ ಸಡಿಲವಾಗಿಯೇ ಇದ್ದರೆ ತೂತು ಅಗಲವಾಗಿದೆ. ನಟ್ ಎಷ್ಟು ತಿರುಗಿಸಿದರೂ ವಾಷರ್ ಮರದೊಳಕ್ಕೆ ಇಳಿಯುತ್ತದೆಯೇ ಹೊರತು ಹಿಡಿತ ಸಿಗುವುದಿಲ್ಲ. ಆಗ 8 ಮಿ.ಮೀ. ಬೋಲ್ಟ್ ತೆಗೆದು 10 ಮಿ.ಮೀ.ನದು ಹಾಕಿ, ಎರಡೂ ಕಡೆ 30 ಮಿ.ಮೀ. ಅಗಲದ ವಾಷರ್ ಕೊಡಿ. 2 ಇಂಚಿನ ಎರಡು ಮರ ಸೇರಿದರೆ ದಪ್ಪ ಸುಮಾರು 100 ಮಿ.ಮೀ. ಆಗುತ್ತದೆ, ಆದ್ದರಿಂದ ಬೋಲ್ಟ್ 120 ಮಿ.ಮೀ. ಉದ್ದದ್ದೇ ಬೇಕು. 100ರದ್ದು ತಂದರೆ ನಟ್ ಹಿಡಿಯಲು ಎಳೆಯೇ ಉಳಿಯದು.

ಸ್ಟ್ಯಾಂಡ್ ಮುಂದಕ್ಕೆ, ಅಂದರೆ ನಿಮ್ಮ ಕಡೆಗೆ ವಾಲಿದ್ದರೆ ಅದು ಬೇರೆಯೇ ದೋಷ, ಎಲ್ಲಕ್ಕಿಂತ ಅಪಾಯದ್ದೂ ಹೌದು. 14 ಇಂಚು ಆಳದ ಮೇಲೆ 48 ಇಂಚು ಎತ್ತರ ನಿಂತಿದೆ. ಮಗು ಹಿಡಿದು ಹತ್ತಿದರೆ ಮಗುಚಬಹುದು. ಕಟ್ಟಿಗೆಯನ್ನು ತಕ್ಷಣ ಅರ್ಧಕ್ಕೆ ಇಳಿಸಿ. ಆಮೇಲೆ ಎರಡೂ ಹಿಂಗಂಬಗಳ ತಲೆಯನ್ನು ಕಬ್ಬಿಣದ ಕ್ಲಾಂಪಿನಿಂದ ಗೋಡೆಗೆ ಬಿಗಿಯಿರಿ. ಚಿರೆಕಲ್ಲಿನ ಗೋಡೆಯಲ್ಲಿ ಸಣ್ಣ ಪ್ಲಾಸ್ಟಿಕ್ ಪ್ಲಗ್ ನಿಲ್ಲುವುದಿಲ್ಲ. ಮೃದುವಾದ ಕಲ್ಲು ಪುಡಿಯಾಗಿ ಪ್ಲಗ್ ತಾನೇ ಹೊರಬರುತ್ತದೆ. 100 ಮಿ.ಮೀ. ಉದ್ದದ ಆಂಕರ್ ಬಳಸಿ, ಕಲ್ಲಿನ ನಡುಭಾಗಕ್ಕೆ ಹಾಕಿ, ಸಂದಿನ ಗಾರೆಗೆ ಹಾಕಬೇಡಿ. ಕೊರೆಯುವ ಜಾಗದ ನೇರದಲ್ಲಿ ಸ್ವಿಚ್ಚು, ಲೈಟ್ ಪಾಯಿಂಟ್ ಇದ್ದರೆ ಒಳಗೆ ತಂತಿ ಹೋಗಿರುತ್ತದೆ, ಅಲ್ಲಿ ಬೇಡ. ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳಿಯೇ ಗೋಡೆಗೆ ಡ್ರಿಲ್ ಹಚ್ಚಿ.

ತಳದ ಪಟ್ಟಿ ನಡುವೆ ಜಗ್ಗಿದೆ

ಪಟ್ಟಿಯನ್ನು ಮಲಗಿಸಿ ಕೂರಿಸಿದ್ದೀರೋ ನಿಲ್ಲಿಸಿ ಕೂರಿಸಿದ್ದೀರೋ ನೋಡಿ. ಅದೇ 4×2 ಮರ, 4 ಇಂಚಿನ ಮುಖ ನಿಂತಿದ್ದರೆ ಮಲಗಿದ್ದಕ್ಕಿಂತ ನಾಲ್ಕು ಪಟ್ಟು ಕಡಿಮೆ ಬಾಗುತ್ತದೆ. ಮಲಗಿಸಿದ್ದರೆ ಬಿಚ್ಚಿ ತಿರುಗಿಸಿ ಕೂರಿಸಿ, ಹೊಸ ಮರ ಬೇಕಿಲ್ಲ. ನಿಲ್ಲಿಸಿದ್ದೂ ಜಗ್ಗಿದ್ದರೆ ನಡುವಿಗೆ ಇಟ್ಟಿಗೆಯ ಆಸರೆ ಕೊಡಿ. ಕೆಳಮುಖದಲ್ಲಿ ಉದ್ದಕ್ಕೆ ಬಿರುಕು ಕಂಡರೆ ಆಸರೆ ಸಾಲದು, ಪಟ್ಟಿಯನ್ನೇ ಬದಲಿಸಿ. ಗಂಟು ಇರುವ ಭಾಗ ಪಟ್ಟಿಯ ನಡುವೆ ಕೆಳಮುಖಕ್ಕೆ ಬರದಂತೆ ನೋಡಿಕೊಳ್ಳಿ, ಮುರಿಯುವುದು ಅಲ್ಲೇ.

ಕಂಬಗಳ ತಲೆ ಹೊರಕ್ಕೆ ಬಾಗಿದೆ

ಇದು ಒಟ್ಟುವ ರೀತಿಯ ತಪ್ಪು. ದುಂಡು ಕಟ್ಟಿಗೆ ಉರುಳಿ ಉರುಳಿ ಕಂಬಗಳನ್ನು ಹೊರಕ್ಕೆ ತಳ್ಳುತ್ತದೆ. ದಪ್ಪ ತುಂಡು ಕೆಳಗಿಡಿ, ಸೀಳಿದ ಮುಖ ಕೆಳಗೆ ಮಾಡಿ, ಮೇಲಿನ ಸಾಲಿನಲ್ಲಿ ಮಾತ್ರ ತೊಗಟೆ ಆಕಾಶಕ್ಕಿರಲಿ. ಆಗಲೂ ಬಾಗಿದರೆ ಎದುರುಬದುರಿನ ಕಂಬಗಳ ತಲೆಯನ್ನು ಜಿಐ ತಂತಿಯಿಂದ ಎಳೆದು ಕಟ್ಟಿ.

ಕಟ್ಟಿಗೆ ಒಣಗುತ್ತಿಲ್ಲ, ಬೂಷ್ಟು ಹಿಡಿದಿದೆ, ಒಲೆಯಲ್ಲಿ ಬರೀ ಹೊಗೆ

ಮೊದಲು ಕಟ್ಟಿಗೆ ನಿಜಕ್ಕೂ ಹಸಿಯೇ ಎಂದು ತಿಳಿಯಬೇಕು. ಎರಡು ತುಂಡು ತೆಗೆದು ಒಂದಕ್ಕೊಂದು ಬಡಿಯಿರಿ. ಒಣಗಿದ್ದರೆ ಟಣ್ ಎನ್ನುತ್ತದೆ, ಹಸಿಯಾದರೆ ದಬ್ ಎಂದು ಸತ್ತ ಸದ್ದು ಬರುತ್ತದೆ. ಕೊಯ್ದ ತುದಿಯಲ್ಲಿ ನಡುವಿನಿಂದ ಅಂಚಿಗೆ ಸೀಳು ಬಿಟ್ಟಿದ್ದರೆ, ತೊಗಟೆ ಉಗುರಿಗೇ ಏಳುತ್ತಿದ್ದರೆ ಒಣಗಿದ ಗುರುತು. ಇನ್ನೂ ಅನುಮಾನವಿದ್ದರೆ ತೂಕವೇ ನಂಬಿಕೆಯ ಸಾಕ್ಷಿ. ರಾಶಿಯ ನಡುವಿನಿಂದ ಐದು ತುಂಡು ತೆಗೆದು ಮಾರ್ಕರಿನಿಂದ ಸಂಖ್ಯೆ ಬರೆಯಿರಿ, ಅಡಿಗೆಮನೆಯ ಡಿಜಿಟಲ್ ಕಾಟಾದಲ್ಲಿ ತೂಗಿ ಅದನ್ನೂ ಬರೆದಿಡಿ. 15 ದಿನಕ್ಕೊಮ್ಮೆ ಮತ್ತೆ ತೂಗಿ. 2 ಕೆ.ಜಿ. 400 ಗ್ರಾಂ ಇದ್ದದ್ದು 2 ಕೆ.ಜಿ. 200 ಗ್ರಾಂ ಆಗಿದ್ದರೆ ಇನ್ನೂ ನೀರು ಹೋಗುತ್ತಿದೆ. ಎರಡು ಸಲ ತೂಗಿದಾಗಲೂ ತೂಕ ಹೆಚ್ಚುಕಡಿಮೆ ಅಷ್ಟೇ ಇದ್ದರೆ ಆ ಗಾಳಿಯಲ್ಲಿ ಒಣಗುವಷ್ಟು ಒಣಗಿದೆ.

ಚೆನ್ನಾಗಿ ಉರಿಯಬೇಕಾದರೆ ಕಟ್ಟಿಗೆಯಲ್ಲಿ ನೀರು ಶೇ 20ಕ್ಕಿಂತ ಕಡಿಮೆ ಇರಬೇಕು. ಗೋವೆಯ ಮಳೆಗಾಲದಲ್ಲಿ ಗಾಳಿಯ ತೇವವೇ ಶೇ 85–90ರ ಆಸುಪಾಸಿನಲ್ಲಿರುತ್ತದೆ, ಅಂಥ ಗಾಳಿಯಲ್ಲಿ ಒಣ ಕಟ್ಟಿಗೆಯೂ ತೇವ ಹೀರಿ ಶೇ 18–20ಕ್ಕೆ ಬಂದು ನಿಲ್ಲುತ್ತದೆ. ಅಂದರೆ ಜುಲೈನಲ್ಲಿ ಹಸಿ ಕಟ್ಟಿಗೆ ತಂದಿಟ್ಟು ಒಣಗಲಿ ಎಂದು ಕಾದರೆ ಅದು ಒಣಗುವುದಿಲ್ಲ. ಅದು ಸ್ಟ್ಯಾಂಡಿನ ತಪ್ಪಲ್ಲ. ನವೆಂಬರ್–ಡಿಸೆಂಬರಿನಲ್ಲಿ 3ರಿಂದ 5 ಇಂಚು ದಪ್ಪಕ್ಕೆ ಸೀಳಿ ಒಟ್ಟಿದ್ದು ಮೇ ಹೊತ್ತಿಗೆ ಸಿದ್ಧವಾಗುತ್ತದೆ. ಗಾಳಿಮರದಂಥ ಗಟ್ಟಿ ಕಟ್ಟಿಗೆಯನ್ನು ಇನ್ನೂ ತೆಳ್ಳಗೆ ಸೀಳಿ. ಗೇರು ಮೃದು, ಬೇಗ ಒಣಗುತ್ತದೆ, ಆದರೆ ಹುಳವೂ ಬೇಗ ಹತ್ತುತ್ತದೆ.

ಸರಿಯಾದ ಕಾಲದಲ್ಲಿ ಒಟ್ಟಿದ್ದೂ ಬೂಷ್ಟು ಬಂದಿದ್ದರೆ ಬೂಷ್ಟು ಎಲ್ಲಿದೆ ನೋಡಿ, ಕಾರಣ ಅಲ್ಲೇ ಬರೆದಿಟ್ಟ ಹಾಗಿರುತ್ತದೆ.

ರಾಶಿಯ ಎಲ್ಲ ಕಡೆ ಸಮನಾಗಿ ಬಿಳಿ ಬೂಷ್ಟು ಇದ್ದರೆ ಹೊದಿಕೆ ಉಸಿರು ಕಟ್ಟಿಸಿದೆ. ತಾಡಪಾಲನ್ನು, ಇಲ್ಲಿನ ಅಂಗಡಿಗಳ ತಾಡಪತ್ರಿಯನ್ನು, ತಲೆಯಿಂದ ಕಾಲಿನವರೆಗೆ ಸುತ್ತಿದರೆ ಕಟ್ಟಿಗೆಯಿಂದ ಎದ್ದ ಆವಿ ಒಳಗೇ ಹನಿಗಟ್ಟಿ ಕಟ್ಟಿಗೆಯ ಮೇಲೇ ಬೀಳುತ್ತದೆ. ಹೊದಿಕೆ ತಲೆಗೆ ಮಾತ್ರ ಸಾಕು. ಎಲ್ಲ ಕಡೆ 6 ಇಂಚು ಹೊರಚಾಚು, ಮುಂದಕ್ಕೋ ಹಿಂದಕ್ಕೋ 3 ಇಂಚು ಇಳಿಜಾರು ಇರಲಿ. ತಗಡು ಹಾಕಿದರೆ ಮೊಳೆ ಹೊಡೆಯಬೇಡಿ, ಜೆ-ಹುಕ್ ಬೋಲ್ಟ್ ಹಾಕಿ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಗೋವೆಯ ಕರಾವಳಿಯ ಪಕ್ಕದಲ್ಲೇ ಹಾದುಹೋದಾಗ ಮರ, ವಿದ್ಯುತ್ ಕಂಬಗಳೇ ಉರುಳಿದ್ದವು. ಅಂಥ ಗಾಳಿಗೆ ಮೊಳೆ ಹೊಡೆದ ತಗಡು ಕಿತ್ತು ಕತ್ತಿಯ ಹಾಗೆ ಹಾರುತ್ತದೆ.

ಕೆಳಗಿನ ಎರಡು ಸಾಲಿಗೆ ಮಾತ್ರ ಬೂಷ್ಟು ಇದ್ದರೆ ತೇವ ನೆಲದಿಂದ ಬರುತ್ತಿದೆ. ತಳದ ಪಟ್ಟಿಯ ಕೆಳಗೆ ಕನಿಷ್ಠ 6 ಇಂಚು ಖಾಲಿ ಇರಬೇಕು. ಟಾರ್ಚ್ ಒಂದು ತುದಿಯಲ್ಲಿ ಬಿಟ್ಟರೆ ಇನ್ನೊಂದು ತುದಿಯಲ್ಲಿ ಬೆಳಕು ಕಾಣಬೇಕು. ಕಾಂಕ್ರೀಟ್ ಬ್ಲಾಕ್ ಕೊಟ್ಟು ಎತ್ತರಿಸಿ. ಹಿಂಬದಿಯ ತುದಿಗಳಿಗೆ ಮಾತ್ರ ಬೂಷ್ಟು ಇದ್ದರೆ ಸ್ಟ್ಯಾಂಡ್ ಗೋಡೆಗೆ ಅಂಟಿದೆ, 3–4 ಇಂಚು ಮುಂದಕ್ಕೆ ತನ್ನಿ. ಪಶ್ಚಿಮದ ತುದಿ ಮಾತ್ರ ತೋಯುತ್ತಿದ್ದರೆ ನೈಋತ್ಯದ ಓರೆಮಳೆ ಹೊಡೆಯುತ್ತಿದೆ. ಆ ಒಂದು ಬದಿಗೆ ಮಾತ್ರ ತಾಡಪಾಲು ಅಥವಾ ತೆಂಗಿನ ಗರಿಯ ತಟ್ಟಿಯನ್ನು ಕಟ್ಟಿಗೆಗೆ ತಗುಲದಂತೆ ಇಳಿಬಿಡಿ, ನೆಲದಿಂದ ಒಂದು ಅಡಿ ಬಿಡಿ. ಮನೆಯ ಪೂರ್ವ ಬದಿಯಲ್ಲಿ ಜಾಗವಿದ್ದರೆ ಸ್ಟ್ಯಾಂಡನ್ನೇ ಅಲ್ಲಿಗೆ ಒಯ್ಯುವುದು ಇದೆಲ್ಲಕ್ಕಿಂತ ಒಳ್ಳೆಯದು.

ಬೂಷ್ಟು ಹಿಡಿದದ್ದನ್ನು ಮನೆಯೊಳಗೆ ಕೊಡವಬೇಡಿ. ಬಾಯಿ ಮೂಗಿಗೆ ಬಟ್ಟೆ ಕಟ್ಟಿ ಹೊರಗೆ ಬ್ರಷ್ ಮಾಡಿ ಬಿಸಿಲಿಗೆ ಹರಡಿ. ದಮ್ಮು ಇರುವವರು ಈ ಕೆಲಸಕ್ಕೆ ಕೈಹಾಕಲೇಬಾರದು. ಒಲೆಯ ಹತ್ತಿರ ಒಣಗಿಸುವುದಾದರೆ ಒಂದು ವಾರಕ್ಕೆ ಬೇಕಾದಷ್ಟೇ ಒಳಗೆ ತನ್ನಿ, ಉರಿಯಿಂದ 3 ಅಡಿ ದೂರವಿಡಿ, ಗ್ಯಾಸ್ ಸಿಲಿಂಡರ್ ಅದೇ ಕೋಣೆಯಲ್ಲಿದ್ದರೆ ಅದೂ ಬೇಡ. ಹಸಿ ಕಟ್ಟಿಗೆ ಹೊಗೆಯಾಡುವಾಗ ಬಚ್ಚಲ ಬಾಗಿಲು, ಕಿಟಕಿ ಮುಚ್ಚಬೇಡಿ. ತಲೆನೋವು, ವಾಕರಿಕೆ, ತಲೆ ಸುತ್ತು ಬಂದರೆ ತಕ್ಷಣ ಎಲ್ಲರೂ ಹೊರಗೆ ಬನ್ನಿ, ಯಾರಾದರೂ ಮಂಕಾಗಿದ್ದರೆ 108ಕ್ಕೆ ಕರೆ ಮಾಡಿ. ಇಂಗಾಲದ ಮಾನಾಕ್ಸೈಡಿಗೆ ವಾಸನೆ ಇಲ್ಲ, ಅದು ತುಂಬಿದ್ದು ಮೂಗಿಗೆ ತಿಳಿಯುವುದಿಲ್ಲ.

ಕಾಲಿನ ಬುಡ ಕಪ್ಪಾಗಿದೆ

ಸ್ಕ್ರೂಡ್ರೈವರ್ ತುದಿಯನ್ನು ಕಂಬದ ಬುಡಕ್ಕೆ ಒತ್ತಿ. ಗಟ್ಟಿ ಮರ ತುದಿಯನ್ನು ಒಳಗೆ ಬಿಡುವುದಿಲ್ಲ. ಎರಡು–ಮೂರು ಮಿ.ಮೀ. ಹೋಗಿ ನಿಂತರೆ ಮೇಲ್ಪದರ ಮಾತ್ರ ಹೋಗಿದೆ. ಕಾಲು ಇಂಚು ಬೆಣ್ಣೆಯಲ್ಲಿ ಹೋದ ಹಾಗೆ ಇಳಿದು, ಮೀಟಿದಾಗ ನಾರು ಏಳದೆ ಚೌಕ ಚೌಕ ಚೂರಾಗಿ ಉದುರಿದರೆ ಅದು ಕೊಳೆತ. ಬುಡದ ಕೊಯ್ದ ಮುಖ ಹುಲ್ಲಿನ ಕೊಳವೆಗಳ ಕಟ್ಟಿನಂತೆ ನೀರನ್ನು ಮೇಲಕ್ಕೆ ಎಳೆಯುವುದೇ ಇದಕ್ಕೆ ಮೂಲ.

ಮೇಲ್ಪದರದ್ದಾದರೆ ಒಣಗಿಸಿ, ಉಜ್ಜಿ, ಕೊಯ್ದ ಮುಖಕ್ಕೆ ಆಯಿಲ್ ಪೇಂಟ್ ಮೂರು ಕೋಟ್ ಕೊಡಿ. ಪ್ರತಿ ಕೋಟೂ ಪೂರ್ತಿ ಒಣಗಿದ ಮೇಲೆಯೇ ಮುಂದಿನದು. ಕಾಲಿನ ಕೆಳಗೆ ಗ್ರಾನೈಟ್ ತುಂಡು ಇಡಿ. ಕೊಳೆತದ್ದಾದರೆ ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ ತೆಗೆದು ಆ ಎತ್ತರಕ್ಕೆ ಬ್ಲಾಕ್ ಕೊಡಿ. ಎರಡು ಕಾಲಿಗಿಂತ ಹೆಚ್ಚು ಕೊಳೆತಿದ್ದರೆ ದುರಸ್ತಿ ಬಿಡಿ, ಹೊಸ ಕಂಬವೇ ಹಾಕಿ.

ಬೋಲ್ಟಿನ ಸುತ್ತ ಮಾತ್ರ ಮಸಿಯಂಥ ಕಪ್ಪು ಇದ್ದರೆ ಹೆದರಬೇಕಿಲ್ಲ. ಮರದ ಒಗರು, ಕಬ್ಬಿಣ, ನೀರು ಮೂರೂ ಸೇರಿದ ಕಲೆ ಅದು. ಆದರೆ ಬೋಲ್ಟ್ ತುಕ್ಕು ಹಿಡಿಯುತ್ತಿದೆ ಎಂಬ ಸೂಚನೆಯೂ ಹೌದು. ಸಮುದ್ರದ ಉಪ್ಪು ಗಾಳಿಗೆ ಮಿನುಗುವ ತೆಳು ಲೇಪದ ಬೋಲ್ಟ್ ಹೆಚ್ಚು ದಿನ ತಡೆಯುವುದಿಲ್ಲ. ಮಂಕು ಬೂದು ಬಣ್ಣದ, ದಪ್ಪ ಸತುವಿನ ಲೇಪದ್ದು ಕೇಳಿ, ಅಥವಾ 304 ದರ್ಜೆಯ ಸ್ಟೇನ್‌ಲೆಸ್. ಬೆಲೆ ಹೆಚ್ಚು, ಆದರೆ ಕೊಳ್ಳಬೇಕಾದದ್ದು ಹತ್ತಿಪ್ಪತ್ತು ಬೋಲ್ಟ್ ಅಷ್ಟೇ.

ನೆಲದ ಟೈಲ್ ಬಿರಿದಿದೆ, ಹಲಗೆ ಜಗ್ಗುತ್ತಿದೆ

ಹಲಗೆಯ ಡೆಕ್ ಆದರೆ ಕೆಳಗಿನ ತೊಲೆಗಳು ಎಲ್ಲಿವೆ ನೋಡಿ, ಸ್ಕ್ರೂ ಸಾಲು ಅದನ್ನು ತೋರಿಸುತ್ತದೆ. ಸ್ಟ್ಯಾಂಡಿನ ಕಾಲುಗಳು ತೊಲೆಯ ನೇರಕ್ಕೆ ಬರಬೇಕು. ಹಲಗೆಯ ನಡುವೆ ನಿಂತರೆ ಹಲಗೆ ಜಗ್ಗುತ್ತದೆ. ಟೈಲ್ ನೆಲದಲ್ಲಿ ಕಾಲಿನ ಕೆಳಗೇ ನಕ್ಷತ್ರದಂತೆ ಬಿರುಕು ಬಿಟ್ಟಿದ್ದರೆ ಟೈಲ್ ಅಡಿಯಲ್ಲಿ ಪೊಳ್ಳಿದೆ. ನಾಣ್ಯದಿಂದ ತಟ್ಟಿ ಸದ್ದು ಕೇಳಿ, ಒಂದು ಅಡಿಯ ಹಲಗೆ ತುಂಡು ಕೊಟ್ಟು ಭಾರ ಹರಡಿ. ಟೆರೇಸ್, ಬಾಲ್ಕನಿಯ ನೆಲಕ್ಕೆ ಎಂದೂ ಡ್ರಿಲ್ ಮಾಡಬೇಡಿ. ನೀರು ತಡೆಯುವ ಪದರ ತೂತಾದರೆ ಕೆಳಗಿನ ಮನೆಯ ಸೀಲಿಂಗ್ ಸೋರುತ್ತದೆ.

ಗೋಡೆಯಿಂದ ಹೊರಚಾಚಿದ ಬಾಲ್ಕನಿಯ ವಿಷಯದಲ್ಲಿ ದಯವಿಟ್ಟು ಈ ಲೆಕ್ಕ ಓದಿ. ವಾಸದ ಮನೆಯ ಬಾಲ್ಕನಿಗೆ ಭಾರತೀಯ ಮಾನಕ ಐಎಸ್ 875 ಇಟ್ಟಿರುವ ಬಳಕೆಯ ಭಾರ ಚದರ ಮೀಟರಿಗೆ 3 ಕಿಲೋನ್ಯೂಟನ್, ಅಂದರೆ ಸುಮಾರು 300 ಕೆ.ಜಿ. ನಮ್ಮ ಸ್ಟ್ಯಾಂಡ್ ನಿಲ್ಲುವ ಜಾಗ 0.43 ಚದರ ಮೀಟರ್. ಒಣ ಕಟ್ಟಿಗೆ ನಾಲ್ಕು ಅಡಿ ತುಂಬಿದರೆ 220 ಕೆ.ಜಿ., ಅಂದರೆ ಆ ಜಾಗದಲ್ಲಿ ಚದರ ಮೀಟರಿಗೆ 500 ಕೆ.ಜಿ. ದಾಟಿತು. ಎರಡು ಅಡಿಗೆ ನಿಲ್ಲಿಸಿದರೆ 300ರೊಳಗೆ ಉಳಿಯುತ್ತದೆ. ಬಾಲ್ಕನಿಯಲ್ಲಿ ಎರಡು ಅಡಿಯೇ ಮಿತಿ, ಅದೂ ಒಣ ಕಟ್ಟಿಗೆ, ಕಟಾಂಜನದ ಹತ್ತಿರವಲ್ಲ, ಮನೆಯ ಗೋಡೆಗೆ ಹತ್ತಿರ.

ಬಾಲ್ಕನಿಯ ನೆಲ ಗೋಡೆಗೆ ಸೇರುವಲ್ಲಿ ಮೇಲ್ಮುಖದಲ್ಲಿ ಉದ್ದ ಬಿರುಕು, ಕೆಳಗಿನಿಂದ ಕಾಂಕ್ರೀಟ್ ಹೊಪ್ಪಳಿಕೆ, ತುಕ್ಕಿನ ನೀರಿನ ಗೆರೆ: ಇವುಗಳಲ್ಲಿ ಒಂದು ಕಂಡರೂ ಅಲ್ಲಿಗೆ ನಿಲ್ಲಿಸಿ. ಮೇಲೆ ನಿಂತು ಕಟ್ಟಿಗೆ ಖಾಲಿ ಮಾಡಲೂ ಹೋಗಬೇಡಿ. ಕೆಳಗೆ ಜನ ಓಡಾಡದಂತೆ ತಡೆದು ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ.

ಹಿಟ್ಟಿನಂಥ ಪುಡಿ, ಮಣ್ಣಿನ ಗೆರೆ

ಮೈದಾದಂತೆ ನುಣುಪಾದ ಪುಡಿ, ಸೂಜಿತೂತು ಇದ್ದರೆ ಕೊರೆಹುಳ. ಅದು ಹಿಡಿದ ಕಟ್ಟಿಗೆಯನ್ನು ಮೊದಲು ಉರಿಸಿ ಮುಗಿಸಿ, ಒಳಗಿನ ಪೀಠೋಪಕರಣದ ಹತ್ತಿರ ತರಬೇಡಿ. ಕಾಲಿನ ಮೇಲೆ, ಗೋಡೆಯ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಕೊಳವೆ ಏರಿದ್ದರೆ ಗೆದ್ದಲು. ಒಂದು ಇಂಚು ಕೆರೆದು ಎರಡು ದಿನ ಬಿಟ್ಟು ನೋಡಿ. ಮತ್ತೆ ಕಟ್ಟಿದ್ದರೆ ಒಳಗೆ ಜೀವಂತವಿದೆ. ಸ್ಟ್ಯಾಂಡನ್ನು ಗೋಡೆಯಿಂದ ದೂರ ಒಯ್ಯಿರಿ. ಗೆರೆ ಚೌಕಟ್ಟು, ಜಂತೆಯವರೆಗೆ ಹೋಗಿದ್ದರೆ ಗೆದ್ದಲು ನಿವಾರಣೆಯವರನ್ನು ಕರೆಸುವುದೇ ದಾರಿ. ಯಾವ ಕಾರಣಕ್ಕೂ ಕಟ್ಟಿಗೆಯ ಮೇಲೆ ಕೀಟನಾಶಕ ಹೊಡೆಯಬೇಡಿ. ನಾಳೆ ಅದೇ ಹೊಗೆಯಾಗಿ ನಿಮ್ಮ ಎದೆಗೆ ಹೋಗುತ್ತದೆ. ಪೇಂಟ್ ಹಚ್ಚಿದ, ಔಷಧಿ ಏರಿಸಿದ ಮರದ ಚೂರು, ಪ್ಲೈವುಡ್ ತುಂಡನ್ನೂ ಒಲೆಗೆ ಹಾಕಬಾರದು.

ಒಳಗೆ ಸರಸರ ಸದ್ದು, ಹಾವಿನ ಪೊರೆ

ಇಲಿ ಇದ್ದಲ್ಲಿಗೆ ಹಾವು ಬರುತ್ತದೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕೂ ಗೋವೆಯಲ್ಲಿವೆ. ತಳದ 6 ಇಂಚು ಖಾಲಿ ಜಾಗದಲ್ಲಿ ಗೋಣಿಚೀಲ, ತೆಂಗಿನ ಸಿಪ್ಪೆ, ಹಳೆ ಚಪ್ಪಲಿ ತುರುಕಬೇಡಿ. ಕಟ್ಟಿಗೆ ತೆಗೆಯುವಾಗ ಮೊದಲು ಕೋಲಿನಿಂದ ತಟ್ಟಿ, ಮೇಲಿನ ಸಾಲಿನಿಂದಲೇ ತೆಗೆಯಿರಿ, ಸಂದಿಗೆ ಕೈ ಹಾಕಬೇಡಿ. ಕತ್ತಲಾದ ಮೇಲೆ ಬೇಕಾಗುವುದನ್ನು ಸಂಜೆಯೇ ತಂದಿಟ್ಟುಕೊಳ್ಳಿ. ಹಾವು ಕಂಡರೆ ದೂರ ನಿಂತು ಕಣ್ಣಿಟ್ಟಿರಿ, ಅರಣ್ಯ ಇಲಾಖೆಗೆ ತಿಳಿಸಿ, ಹೊಡೆಯಲು ಹೋಗಬೇಡಿ.

ಕಚ್ಚಿದರೆ ಉಂಗುರ, ಬಳೆ ತೆಗೆಯಿರಿ, ಕೈಕಾಲು ಅಲುಗಿಸದೆ ಮಲಗಿಸಿ, 108ಕ್ಕೆ ಕರೆ ಮಾಡಿ. ಕೊಯ್ಯುವುದು, ಹೀರುವುದು, ಬಿಗಿಯಾಗಿ ದಾರ ಕಟ್ಟುವುದು, ಐಸ್ ಇಡುವುದು ಯಾವುದೂ ಬೇಡ. ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜು ಹತ್ತಿರವಿದ್ದರೆ ಅಲ್ಲಿಗೆ, ಇಲ್ಲವಾದರೆ ಆಂಬುಲೆನ್ಸಿನವರು ಹೇಳಿದ ಆಸ್ಪತ್ರೆಗೆ ಹೋಗಿ. ಕಟ್ಟುಹಾವು ಕಚ್ಚಿದಾಗ ಎಷ್ಟೋ ಸಲ ನೋವೂ ಇರುವುದಿಲ್ಲ, ಊತವೂ ಇರುವುದಿಲ್ಲ. ಕೆಲವು ಗಂಟೆ ಕಳೆದು ರೆಪ್ಪೆ ಭಾರವಾಗಿ ಜೋತು ಬೀಳುವಾಗ ಉಸಿರಾಟಕ್ಕೇ ತೊಂದರೆ ಶುರುವಾಗಿರಬಹುದು. ಆದ್ದರಿಂದ ನೋವಿಲ್ಲ ಎಂದು ಮನೆಯಲ್ಲಿ ಕಾಯಬೇಡಿ.